ಬೇಲಿಯಾಚೆಯ ತೀರ್ಪು

ಬಿಕರ್ನಕಟ್ಟೆಯ ಗುಡ್ಡದ ಮೇಲಿನ ಬೌಲ್ಸ್ ಕ್ಲಬ್ಬನ್ನು ಕಟ್ಟಿದವರು ಹಂಚಿನ ಕಾರ್ಖಾನೆಯೊಂದರ ಇಂಗ್ಲಿಷ್ ಅಧಿಕಾರಿಗಳು. ಅವರು ಹಡಗು ಹತ್ತಿದ ಮೇಲೆ ಕ್ಲಬ್ಬು, ಅದರ ಹುಲ್ಲಿನ ಅಂಗಳ, ಅಂಗಳದ ಬೇಲಿಗೆ ತಾಗಿದ ಬಾವಿ, ಮೂರೂ ಊರಿನವರ ಕೈಗೆ ಬಂದವು. ಆಟ ಸರಳ. ಚಿಕ್ಕ ಬಿಳಿ ಚೆಂಡೊಂದನ್ನು ದೂರಕ್ಕೆ ಬಿಟ್ಟು, ಅದರ ಹತ್ತಿರಕ್ಕೆ ದೊಡ್ಡ ಚೆಂಡುಗಳನ್ನು ಉರುಳಿಸಬೇಕು. ಯಾರದು ಹತ್ತಿರವೋ ಅವರು ಗೆದ್ದರು.

ಯಾರದು ಹತ್ತಿರ ಎಂದು ಜಗಳ ಬಿದ್ದರೆ ತೀರ್ಪು ಬಾವಿಕಟ್ಟೆಯ ಹೆಂಗಸರದು. ಮರದ ವ್ಯಾಪಾರಿ ಇದಿನಬ್ಬ ಬ್ಯಾರಿಯೂ ಕಾರ್ಖಾನೆಯ ಗುಮಾಸ್ತ ಕಜೆಟನ್ನನೂ ಒಮ್ಮೆ ಅಂಗಿ ಹಿಡಿಯುವ ತನಕ ಹೋದಾಗ, ನೀರಿಗೆ ಬಂದಿದ್ದ ಕಿನ್ನಿ ಬೇಲಿಯಾಚೆಯಿಂದ, "ಬ್ಯಾರಿಗಳದ್ದೇ ಹತ್ತಿರ. ಇನ್ನು ಬೊಬ್ಬೆ ನಿಲ್ಲಿಸಿ ಮಾರಾಯ್ರೆ, ಮಕ್ಕಳು ಹೆದರ್ತಾವೆ," ಎಂದಿದ್ದಳು. ಅಂದಿನಿಂದ ಅದೇ ರೂಢಿಯಾಯಿತು. ತೀರ್ಪು ಎಷ್ಟೋ ಸಲ ತಪ್ಪಿರುತ್ತಿತ್ತು. ಆದರೆ ಅದರ ಮೇಲೆ ಯಾರೂ ಮಾತಾಡುತ್ತಿರಲಿಲ್ಲ. ಆಟಗಾರರು ನಗುತ್ತ ಚೆಂಡು ಹೆಕ್ಕುತ್ತಿದ್ದರು.

ಕಿನ್ನಿ ಕೂಲಿಯಾಳು ಚನಿಯನ ಹೆಂಡತಿ. ಸುತ್ತಲಿನ ಬೇರೆ ಬಾವಿಗಳಲ್ಲಿ ಅವಳು ಹಗ್ಗ ಮುಟ್ಟುವಂತಿರಲಿಲ್ಲ. ಇದು ದೊರೆಗಳು ತೋಡಿಸಿದ್ದು, ಯಾವ ಜಾತಿಯದೂ ಅಲ್ಲ. ಹಾಗಾಗಿ ಎಲ್ಲರೂ ಸೇದುತ್ತಿದ್ದರು.

೧೯೫೯ರಲ್ಲಿ ಪೂವಪ್ಪ ಕ್ಲಬ್ಬಿನ ಸೆಕ್ರೆಟರಿಯಾದ. ಅವನ ತಂದೆ ಇದೇ ಗೇಟಿನ ಹೊರಗೆ ಕಳ್ಳಿನ ಮಡಕೆ ಇಳಿಸಿ ಹಿಂದಿರುಗುತ್ತಿದ್ದವರು. ಮಗನಿಗೆ ಒಳಗೆ ಕುರ್ಚಿ ಸಿಕ್ಕಿತ್ತು. ಆ ಬೇಸಗೆಯಲ್ಲಿ ಮಡಿಕೇರಿಯ ತೋಟದವರ ತಂಡ ಶೀಲ್ಡಿಗಾಗಿ ಆಡಲು ಬರುವುದೆಂದು ನಿಶ್ಚಯವಾಯಿತು. ಬಾವಿಯ ನೀರು ತಳ ಹಿಡಿಯುತ್ತಿತ್ತು, ಹುಲ್ಲು ಕೆಂಪಾಗುತ್ತಿತ್ತು.

ಅಧ್ಯಕ್ಷರಾದ ವಕೀಲರು ಪೂವಪ್ಪನ ಮುಂದೆ ಬೀಗವೊಂದನ್ನು ಇಟ್ಟರು. "ಬಾವಿಯ ಗೇಟಿಗೆ ಹಾಕು. ಹುಲ್ಲು ಉಳೀಬೇಕಲ್ಲ. ಸದಸ್ಯರ ಮನೆಯವರಿಗೆ ತೊಂದರೆ ಇಲ್ಲ. ಉಳಿದವರು ಬೇರೆ ನೋಡಿಕೊಳ್ಳಲಿ. ಯಾರ್ಯಾರೋ ಬಂದು ಸೇದುವುದು ಹೇಗೂ ಚೆಂದ ಅಲ್ಲ."

"ಉಳಿದವರು" ಎಂದರೆ ಯಾರೆಂದು ಪೂವಪ್ಪನಿಗೆ ಗೊತ್ತಿತ್ತು. ಬೀಗ ಹಾಕಲಾರೆ ಎಂದರೆ ಕುರ್ಚಿ ಹೋಗುತ್ತದೆಂಬುದೂ ಗೊತ್ತಿತ್ತು. ಬೀಗ ಹಾಕಿದ.

ಮರುದಿನ ಹೆಂಡತಿ ಹೇಮಾಕ್ಷಿ ಕೊಡ ಎತ್ತಿಕೊಂಡು ಕ್ಲಬ್ಬಿನ ಕಡೆಗಲ್ಲ, ಗುಡ್ಡದ ಕೆಳಗೆ ಹೊರಟಳು.

"ನಿನಗೆ ಬೀಗ ಇಲ್ಲ ಮಾರಾಯ್ತಿ. ನೀನು ಸದಸ್ಯನ ಹೆಂಡತಿ," ಎಂದ ಪೂವಪ್ಪ.

"ಹೌದಾ? ಹಾಗಾದರೆ ನೀವೇ ಸೇದಿ ತನ್ನಿ. ಕಿನ್ನಿಯ ಮುಖ ನೋಡಿಕೊಂಡು ಸೇದಲಿಕ್ಕೆ ನನ್ನ ಕೈ ಬರುವುದಿಲ್ಲ."

ಅವಳೊಬ್ಬಳೇ ಅಲ್ಲ. ಇದಿನಬ್ಬನ ಹೆಂಡತಿ ಹವ್ವಮ್ಮ, ಕಜೆಟನ್ನನ ತಂಗಿ ಒಲಿಂಡಾ, ಎಲ್ಲರೂ ಕಿನ್ನಿಯ ಜೊತೆ ಪಡೀಲಿನ ಕಡೆಯ ಗದ್ದೆಯ ಹೊಂಡಕ್ಕೇ ನಡೆದರು. ಸಂಜೆ ಬಿಸಿಲಲ್ಲಿ ಬೆವರುತ್ತ ಗುಡ್ಡ ಹತ್ತುವ ಅವರ ಸಾಲನ್ನು ಪೂವಪ್ಪ ಪ್ರತಿದಿನ ಕ್ಲಬ್ಬಿನ ಜಗಲಿಯಿಂದ ನೋಡಿದ. ಅಂಗಳ ಹಸುರಾಯಿತು. ಆಟವೂ ನಡೆಯಿತು, ಆದರೆ ನಗುವವರಿರಲಿಲ್ಲ.

ಪಂದ್ಯದ ದಿನ ಕೊನೆಯ ಸುತ್ತಿನವರೆಗೂ ಅಂಕ ಸಮವಾಗಿತ್ತು. ಇದಿನಬ್ಬನ ಚೆಂಡೂ ಮಡಿಕೇರಿಯವರ ಚೆಂಡೂ ಬಿಳಿ ಚೆಂಡಿನ ಎರಡು ಬದಿಗೆ ನಿಂತವು. ಅಭ್ಯಾಸ ಬಲದಿಂದ ಇದಿನಬ್ಬ ಬೇಲಿಯ ಕಡೆ ತಿರುಗಿದ. "ಕಿನ್ನೀ, ನೋಡು..." ಎಂದವನು ಅಲ್ಲಿಗೇ ನಿಲ್ಲಿಸಿದ. ಬೇಲಿಯಾಚೆ ಬೀಗ ಹಾಕಿದ ಗೇಟು, ಯಾರೂ ಇಲ್ಲದ ಬಾವಿಕಟ್ಟೆ.

"ಸೆಕ್ರೆಟರಿ ಹೇಳಲಿ," ಎಂದರು ವಕೀಲರು, ಪೂವಪ್ಪನನ್ನೇ ದಿಟ್ಟಿಸುತ್ತ.

ಪೂವಪ್ಪ ಬಗ್ಗಿ ನೋಡಿದ. ಮಡಿಕೇರಿಯವರದು ಕೂದಲೆಳೆಯಷ್ಟು ಹತ್ತಿರವಿತ್ತು. "ನಮ್ಮದು," ಎಂದ.

ಮಡಿಕೇರಿಯ ನಾಯಕ ಚೆಂಡುಗಳನ್ನು ಚೀಲಕ್ಕೆ ತುಂಬಿಸಿಕೊಂಡು, ಚಹಾ ಕುಡಿಯದೆ ತನ್ನವರನ್ನು ಕರೆದುಕೊಂಡು ಹೋದ. ಇದಿನಬ್ಬ ಶೀಲ್ಡನ್ನು ಮುಟ್ಟಲಿಲ್ಲ. "ಕಿನ್ನಿ ತಪ್ಪು ಹೇಳಿದ್ರೆ ನಗ್ಲಿಕ್ಕಾದ್ರೂ ಆಗ್ತಿತ್ತು ಪೂವಪ್ಪಣ್ಣ," ಎಂದು ಚಪ್ಪಲಿ ಮೆಟ್ಟಿ ಹೊರಟ.

ಎಲ್ಲರೂ ಹೋದ ಮೇಲೆ ಪೂವಪ್ಪ ಬಾವಿಯ ಬೀಗ ತೆಗೆದು ಗೇಟನ್ನು ಹಾರುಹೊಡೆದು ಕಟ್ಟೆಯ ಮೇಲೆ ಕುಳಿತ. ಹೆಂಗಸರು ತುಂಬಿದ ಕೊಡ ಹೊತ್ತು ಗುಡ್ಡ ಹತ್ತಿ ಬಂದರು.

"ಬಾವಿ ತೆರೆದಿದ್ದೇನೆ," ಎಂದ.

ಕಿನ್ನಿ ನಿಂತಳು. "ನಾಳೆಯೂ ತೆರೆದಿರ್ತದಾ?"

"ನಾನು ಸೆಕ್ರೆಟರಿ ಆಗಿರುವಷ್ಟು ದಿನ ಇರ್ತದೆ."

"ಕಮಿಟಿ ಸೇರುವುದು ಯಾವಾಗ?"

"ಸೋಮವಾರ."

"ಹಾಗಾದರೆ ಸೋಮವಾರದ ತನಕ," ಎಂದಳು ಕಿನ್ನಿ. ಒಂದಿಬ್ಬರು ನಕ್ಕರು. ಹೇಮಾಕ್ಷಿ ನಗಲಿಲ್ಲ. ಕೊಡವನ್ನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡು, ತೆರೆದ ಗೇಟಿನ ಮುಂದಿನಿಂದಲೇ ಹಾದು ಕಿನ್ನಿಯ ಹಿಂದೆ ನಡೆದಳು.