ಕೆಸರಿಗಿಳಿಯುವ ಟ್ರ್ಯಾಕ್ಟರ್

ಬೈರಣ್ಣನಿಗೆ ಸಾಕಾಗಿತ್ತು. ಏನು ಸಾಕಾಗಿತ್ತು ಎಂದು ಯಾರಾದರೂ ಕೇಳಿದ್ದರೆ ಬೆಳಿಗ್ಗೆ ಏಳುವುದರಿಂದಲೇ ಪಟ್ಟಿ ಶುರುಮಾಡುತ್ತಿದ್ದ. ಆದರೆ ಬೇಗೂರಿನಲ್ಲಿ ಅಂಥದ್ದನ್ನೆಲ್ಲ ಕೇಳುವ ಪುರುಸೊತ್ತು ಯಾರಿಗಿತ್ತು? ಮೂವತ್ತೆಂಟು ವರ್ಷ ಕೆರೆ ಕೆಳಗಿನ ಗದ್ದೆಯಲ್ಲಿ ನೇಗಿಲ ಹಿಂದೆ ಕೆಸರು ತುಳಿದವನು ಅವನು. ಈಗ ಮೊಣಕಾಲು ಮಡಿಸಿದರೆ ಬಿಡಿಸಲಾಗದು, ಬಿಡಿಸಿದರೆ ಮಡಿಸಲಾಗದು. ಜೋಡೆತ್ತಿನಲ್ಲಿ ಒಂದು ಹೋದ ಕಾರ್ತೀಕದಲ್ಲಿ ಸತ್ತಿತ್ತು. ಉಳಿದದ್ದು ಕೊಟ್ಟಿಗೆಯಲ್ಲಿ ನಿಂತು ಯಜಮಾನನ ಮುಖ ನೋಡುತ್ತ ಮೆಲುಕು ಹಾಕುತ್ತಿತ್ತು.

ಅರವತ್ನಾಲ್ಕನೇ ಇಸವಿ. ಮಾವಿನ ತೋಪು ಮಾರಿದ ದುಡ್ಡಿನಲ್ಲಿ ಒಂದು ಟ್ರ್ಯಾಕ್ಟರ್ ತರುವುದೆಂದು ಮನೆಯಲ್ಲಿ ತೀರ್ಮಾನವಾಯಿತು. ಯಾವ ಟ್ರ್ಯಾಕ್ಟರ್ ಎಂಬುದು ಮಾತ್ರ ತೀರ್ಮಾನವಾಗಲಿಲ್ಲ. ಅಣ್ಣ ತಮ್ಮ ಅಲ್ಲಿಯವರೆಗೆ ಒಂದೇ ಒಲೆಯಲ್ಲಿ ಬೇಯಿಸಿ ಉಂಡವರು, ಈ ಮಾತು ಬಂದರೆ ಮಾತ್ರ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

ತಮ್ಮ ಚಿಕ್ಕಬೈರಪ್ಪನಿಗೆ ಬೇಕಾಗಿದ್ದದ್ದು ಹಿಂದಿನ ಎರಡು ಚಕ್ರ ಮಾತ್ರ ಎಳೆಯುವ ಟ್ರ್ಯಾಕ್ಟರ್. ಅದಕ್ಕೊಂದು ಟ್ರೇಲರ್ ಕಟ್ಟಿಕೊಂಡು ಕಲ್ಲುಬಂಡೆಯಿಂದ ಜಯನಗರಕ್ಕೆ ಕಲ್ಲು ಸಾಗಿಸುವ ಯೋಚನೆ ಅವನದು. ಅಲ್ಲಿ ಬ್ಲಾಕಿನ ಪಕ್ಕ ಬ್ಲಾಕು ಏಳುತ್ತಿತ್ತು, ಪಾಯಕ್ಕೆ ಎಷ್ಟು ಕಲ್ಲು ಸುರಿದರೂ ಸಾಲದಾಗಿತ್ತು. ರಾಗಿ ಹೊಲಕ್ಕೂ ಆ ಟ್ರ್ಯಾಕ್ಟರೇ ಧಾರಾಳ ಸಾಕು. ಗದ್ದೆಗೆ ಮಾತ್ರ ಆಗಿಬರುವುದಿಲ್ಲ, ಕೆಸರಿಗಿಳಿದರೆ ಹೂತುಕೊಳ್ಳುತ್ತದೆ. ಬೈರಣ್ಣ ಕೇಳುತ್ತಿದ್ದದ್ದು ಮುಂದಿನ ಚಕ್ರಗಳೂ ಸೇರಿ ನಾಲ್ಕಕ್ಕೆ ನಾಲ್ಕೂ ಎಳೆಯುವಂಥದ್ದನ್ನು. ಅದು ಬಂದರೆ ಗದ್ದೆ ಉಳಿಯುತ್ತದೆ. ಬಾರದಿದ್ದರೆ ಅಜ್ಜನ ಕಾಲದಿಂದ ಒಂದು ವರ್ಷವೂ ಬೀಳು ಬೀಳದ ಗದ್ದೆಯಲ್ಲಿ ಜೊಂಡು ಬೆಳೆಯುತ್ತದೆ. ಅಷ್ಟೇ ವಿಷಯ, ಇದರಲ್ಲಿ ಸುತ್ತಿ ಬಳಸಿ ಹೇಳುವುದೇನೂ ಇಲ್ಲ.

"ಅಣ್ಣ, ಗದ್ದೆಗೆ ಅಂತ ವರ್ಷಕ್ಕೆ ಹದಿನೈದು ದಿನ ಇಳಿಸ್ತೀವಿ. ಮಿಕ್ಕ ದಿನ ಅದನ್ನ ಕೂರ್ಸಿ ಪೂಜೆ ಮಾಡಾದಾ?" ಎಂದ ಚಿಕ್ಕಬೈರಪ್ಪ.

"ನೀನು ವರ್ಷಕ್ಕೆ ಹದಿನೈದೇ ದಿನ ಅನ್ನ ಉಣ್ಣಾದಾ?" ಎಂದು ಬೈರಣ್ಣ ತಿರುಗಿ ಕೇಳಿದ.

ಒಳಗೆ ಒಲೆಯ ಮುಂದೆ ಬೈರಣ್ಣನ ಹೆಂಡತಿ ಮುನಿಲಕ್ಷ್ಮಮ್ಮ ಮುದ್ದೆ ತಿರುವುತ್ತಿದ್ದಳು. ಅವಳನ್ನೂ ಒಂದು ಮಾತು ಕೇಳಬೇಕೆಂದು ಯಾರಿಗೂ ತೋಚಲಿಲ್ಲ. ಚಕ್ರ, ಇಂಜಿನು, ಎಣ್ಣೆ, ಇವೆಲ್ಲ ಗಂಡಸರ ಬಾಬತ್ತು. ಮದುವೆಯಾಗಿ ಬಂದ ವರ್ಷದಿಂದ ಆ ಗದ್ದೆಗೆ ನಾಟಿ ಹಾಕುತ್ತಿದ್ದವಳು ಅವಳೇ. ಮೊದಮೊದಲು ಇಪ್ಪತ್ತು ಆಳು ಬರುತ್ತಿದ್ದರು, ಪದ ಹೇಳಿಕೊಂಡು ಮೂರು ದಿನದೊಳಗೆ ಮುಗಿಸುತ್ತಿದ್ದರು. ಈಗ ಕೈಕಾಲು ಗಟ್ಟಿಯಿದ್ದ ಹೆಂಗಸರೆಲ್ಲ ಜಯನಗರದ ಕಟ್ಟಡಗಳಲ್ಲಿ ಗಾರೆ ಹೊರುತ್ತಿದ್ದರು. ಉಳಿದವರು ಇವಳು ಮತ್ತು ಇವಳಂಥ ಮೂರು ಮುದುಕಿಯರು. ಆಷಾಢ ಬಂತೆಂದರೆ ಊರ ಹೆಣ್ಣುಮಕ್ಕಳು ಗೋರಂಟಿ ಅರೆದು ಕೈಗೆ ಹಚ್ಚಿಕೊಂಡರೆ ಇವಳು ಅದನ್ನೇ ಅರೆದು ಕಾಲ್ಬೆರಳ ಸಂದಿಗೆ ಮೆತ್ತಿಕೊಳ್ಳುತ್ತಿದ್ದಳು. ಕೆಸರಲ್ಲಿ ನಿಂತೂ ನಿಂತೂ ಅಲ್ಲಿ ಹುಣ್ಣಾಗುತ್ತಿತ್ತು, ಅದಕ್ಕೆ ಅದೇ ಮದ್ದು. ಮಳೆಗಾಲ ಅಂದಮೇಲೆ ಇದೆಲ್ಲ ಇದ್ದದ್ದೇ ಎಂದು ಬೈರಣ್ಣ ತಿಳಿದಿದ್ದ.

ಕೊನೆಗೆ ಕಂಪನಿಯ ಏಜೆಂಟರು ಎರಡು ಗಾಡಿಯನ್ನೂ ಊರಿಗೇ ತಂದು ತೋರಿಸುವುದೆಂದಾಯಿತು. ಏಜೆಂಟರ ಹೆಸರು ಸೇತುರಾಮ, ಬಸವನಗುಡಿಯವರು. ಇಸ್ತ್ರಿ ಮಾಡಿದ ಬಿಳಿ ಪ್ಯಾಂಟು ಹಾಕಿಕೊಂಡು ಗದ್ದೆಗೆ ಬಂದ ಆ ಧೈರ್ಯಕ್ಕೇ ಊರು ಅರ್ಧ ಸೋತಿತು. ಬೈರಣ್ಣನೂ ಕಮ್ಮಿಯೇನಲ್ಲ. ಕೆರೆ ನೀರು ಬಿಡುವ ನೀರುಗಂಟಿಗೆ ಹಿಂದಿನ ದಿನವೇ ಹೇಳಿ ತೂಬು ಎತ್ತಿಸಿ, ದೊಡ್ಡ ಮಡಿಯಲ್ಲಿ ಮೊಣಕಾಲುದ್ದ ನೀರು ನಿಲ್ಲಿಸಿದ್ದ. ಚಿಕ್ಕಬೈರಪ್ಪನಿಗೆ ಇದು ಬದುವಿಗೆ ಬಂದ ಮೇಲೆ ಗೊತ್ತಾಯಿತು. ಅವನು ಅಣ್ಣನನ್ನು ನೋಡಿದ ನೋಟಕ್ಕೆ ಹಸಿ ಸೌದೆಯೂ ಹೊತ್ತಿಕೊಳ್ಳಬೇಕಿತ್ತು.

"ಎರಡಕ್ಕೂ ನಾಲ್ಕೇ ಚಕ್ರ ಇದ್ದಾವಲ್ಲ ಸಾರ್?" ಎಂದು ಗುಂಪಿನಲ್ಲಿ ಯಾರೋ ಕೇಳಿದರು.

"ಚಕ್ರ ನಾಲ್ಕಿರತ್ತೆ ಕಣಪ್ಪ, ದುಡಿಯೋದು ಎರಡೇ. ಇನ್ನೆರಡು ಸುಮ್ನೆ ಜೊತೇಲಿ ಉರುಳ್ತವೆ," ಎಂದರು ಸೇತುರಾಮ.

ಎರಡು ಚಕ್ರದ್ದು ಮೊದಲು ಇಳಿಯಿತು. ಹತ್ತು ಮಾರು ಹೋಯಿತೋ ಇಲ್ಲವೋ, ಹಿಂದಿನ ಚಕ್ರಗಳು ನಿಂತಲ್ಲೇ ತಿರುಗಿ ಕೆಸರು ಎರಚಿ, ಅಚ್ಚಿನವರೆಗೂ ಕಂತಿ ಕೂತವು. ಡ್ರೈವರು ಹೊಗೆ ಎಬ್ಬಿಸಿದಷ್ಟೂ ಗಾಡಿ ಕೆಳಕ್ಕೇ ಇಳಿಯಿತು. ಅದನ್ನು ಎಳೆದು ಹಾಕುವುದಕ್ಕೆ ನಾಲ್ಕು ಚಕ್ರದ್ದೇ ಬರಬೇಕಾಯಿತು. ಅದು ಸರಪಣಿ ಹಾಕಿ ಮೊದಲಿನದನ್ನು ಬದುವಿಗೆಳೆದು ಬಿಟ್ಟು, ಮತ್ತೆ ಇಳಿದು, ಎಮ್ಮೆ ಕೆರೆಯಲ್ಲಿ ನಡೆದಷ್ಟು ಸಲೀಸಾಗಿ ಈ ಬದುವಿನಿಂದ ಆ ಬದುವಿಗೆ ಮಡಿಯನ್ನೆಲ್ಲ ಕಲಸಿ ಹಾಕಿತು. ಎತ್ತಿನಲ್ಲಾದರೆ ಎರಡು ದಿನದ ಕೆಲಸ. ಜನ ಸಿಳ್ಳೆ ಹೊಡೆದರು. ಚಿಕ್ಕಬೈರಪ್ಪ ತಲೆ ತಗ್ಗಿಸಿಕೊಂಡು ಬೀಡಿ ಹಚ್ಚಿದ.

ಗೆದ್ದೆ ಎಂದುಕೊಂಡ ಬೈರಣ್ಣ. ಸಂತೋಷ ಬರಲಿ ಎಂದು ಒಂದು ಗಳಿಗೆ ಕಾದ. ಬರಲಿಲ್ಲ. ಆಯಾಸವೊಂದೇ ಮೊದಲಿನ ಹಾಗೆ ಮಂಡಿಯಿಂದ ಮೇಲಕ್ಕೆ ಹತ್ತುತ್ತಿತ್ತು.

ಅಷ್ಟರಲ್ಲಿ ಮುನಿಲಕ್ಷ್ಮಮ್ಮ ಮಜ್ಜಿಗೆ ಮಡಕೆ ಹೊತ್ತು ಬದುವಿನ ಮೇಲೆ ಬಂದಳು. ಅವಳನ್ನು ಕಂಡು ಬೈರಣ್ಣನಿಗೆ ಮಾತು ಬಂತು. "ಇವ್ಳೇ, ನೋಡ್ದಾ? ಪಕ್ಕದ ಜಯದೇವಪ್ಪನ ಗದ್ದೇನೂ ವಾರಕ್ಕೆ ಹಾಕ್ಕೊಳಾಣ, ಬೆಳೇಲಿ ಅವ್ನಿಗರ್ಧ ನಮಗರ್ಧ. ಈ ಗಾಡಿ ಇದ್ರೆ ನಾಕೆಕ್ರೆ ಆದ್ರೂ ಅಷ್ಟೇ, ಎಂಟೆಕ್ರೆ ಆದ್ರೂ ಅಷ್ಟೇ. ನಾನು ಮೇಲೆ ಕೂತ್ಕಂಡಿದ್ರೆ ಆಯ್ತು."

ಅವಳು ಮಡಕೆ ಇಳಿಸಿದಳು. ಇಳಿಸಿ ಬಗ್ಗಿದವಳು ನೆಟ್ಟಗಾಗಲು ಹೊತ್ತು ಹಿಡಿಯಿತು. ಒಂದು ಕೈ ಸೊಂಟಕ್ಕೆ, ಒಂದು ಕೈ ತೊಡೆಗೆ ಊರಿ ಸ್ವಲ್ಪಸ್ವಲ್ಪವಾಗಿ ಎದ್ದಳು. ಸೇತುರಾಮರ ಕಡೆ ತಿರುಗಿದಳು.

"ಸ್ವಾಮಿ, ನಾಟಿ ಹಾಕೋ ಗಾಡಿ ಏನಾರ ಬಂದೈತಾ?"

ಸೇತುರಾಮ ನಕ್ಕರು. "ಇಲ್ಲಮ್ಮ. ನಮ್ಮ ಕಂಪನೀಲಿ ಅಂಥದ್ದಿಲ್ಲ."

"ಹಂಗಾದ್ರೆ ಎಂಟೆಕ್ರೆಗೆ ಬಗ್ಗೋರು ಯಾರು?" ಎಂದಳು. ದನಿ ಏರಿಸಲಿಲ್ಲ. ಉಪ್ಪು ಎಷ್ಟು ಹಾಕಲಿ ಎಂದು ಕೇಳುವ ಹಾಗೆ ಕೇಳಿ, ಲೋಟಕ್ಕೆ ಮಜ್ಜಿಗೆ ಬಗ್ಗಿಸಿ ಏಜೆಂಟರ ಕೈಗೆ ಕೊಟ್ಟಳು.

ಗುಂಪಿನಲ್ಲಿ ಒಂದಿಬ್ಬರು ನಕ್ಕರು. ಬೈರಣ್ಣನಿಗೆ ನಗು ಬರಲಿಲ್ಲ. ಆರು ತಿಂಗಳಿಂದ ತಮ್ಮನ ಜೊತೆ ಜಗಳವಾಡಿದ್ದ, ಗಾಡಿಯ ಶಕ್ತಿ, ಎಣ್ಣೆ, ಬೆಲೆ ಎಲ್ಲ ಬಾಯಿಪಾಠ ಮಾಡಿದ್ದ. ಉತ್ತ ಮೇಲೆ ನಾಟಿ ಎಂಬುದೊಂದಿದೆ ಎನ್ನುವುದೇ ಅವನ ತಲೆಗೆ ಹೊಳೆದಿರಲಿಲ್ಲ. ಅದು ಪ್ರತಿ ವರ್ಷ ತಾನಾಗಿ ಆಗಿಬಿಡುತ್ತಿತ್ತಲ್ಲ! ಅವನು ಅವಳ ಕಾಲು ನೋಡಿದ. ಹೋದ ವರ್ಷದ ಹುಣ್ಣಿನ ಕಲೆ ಬೆರಳ ಸಂದಿಯಲ್ಲಿ ಕಪ್ಪಗೆ ಹಾಗೇ ಇತ್ತು.

"ಯಜಮಾನ್ರೇ, ನಾಲ್ಕು ಚಕ್ರದ್ದೇ ಅಂತ ಬರ್ಕೊಳ್ಳಾ?" ಎಂದರು ಸೇತುರಾಮ.

ಬೈರಣ್ಣ ಗದ್ದೆಯ ಕಡೆ ನೋಡಿದ. ಕಲಸಿದ ಕೆಸರಿನ ಮೇಲೆ ಆಗಲೇ ಕೊಕ್ಕರೆಗಳು ಇಳಿದಿದ್ದವು. ಅಷ್ಟು ಹದವಾದ ಕೆಸರನ್ನು ಅವನು ಯಾವ ವರ್ಷವೂ ಕಂಡಿರಲಿಲ್ಲ.

"ಬೇಡಿ ಸಾರ್. ಎರಡು ಚಕ್ರದ್ದೇ ಇರ್ಲಿ."

"ಅಲ್ಲಾ, ಗೆದ್ದಿದ್ದು ಅದಲ್ವಾ?"

"ಗಾಡಿ ಗೆಲ್ತು ಸಾರ್. ನಾಟಿ ನಮ್ ಕೈಲಿ ಆಗಲ್ಲ," ಎಂದು ಹೇಳಿ ಬೈರಣ್ಣ ಬದುವಿನ ಮೇಲೆ ಕೂತುಬಿಟ್ಟ. ಚಿಕ್ಕಬೈರಪ್ಪ ಬೀಡಿ ಎಸೆದು ಹತ್ತಿರ ಬಂದ. ಅಣ್ಣನ ಪಕ್ಕ ತಾನೂ ಕೂತ.

ಆ ವರ್ಷ ಗದ್ದೆ ಬೀಳು ಬಿತ್ತು. ಆಷಾಢದಲ್ಲಿ ಕೆರೆ ತುಂಬಿ, ನೀರುಗಂಟಿ ತೂಬು ಎತ್ತಿ, ಎಲ್ಲರ ಗದ್ದೆಗೂ ನೀರು ಹರಿದರೆ ಇವರ ಗದ್ದೆಯಲ್ಲಿ ಕಪ್ಪೆಗಳು ಯಾರ ಭಯವೂ ಇಲ್ಲದೆ ವಟಗುಟ್ಟಿದವು. ಬೈರಣ್ಣ ಆ ಕಡೆ ಹೋಗುವುದನ್ನೇ ಬಿಟ್ಟ. ಹಗಲೆಲ್ಲ ಜಗಲಿಯ ಮೇಲೆ ಕೂತು, ತಮ್ಮನ ಟ್ರ್ಯಾಕ್ಟರು ಕಲ್ಲಿನ ಧೂಳು ಮೆತ್ತಿಕೊಂಡು ಬರುವುದನ್ನೂ ಹೋಗುವುದನ್ನೂ ನೋಡುತ್ತಿದ್ದ. ದಣಿವೇನೂ ಇಳಿಯಲಿಲ್ಲ. ಗದ್ದೆ ಬಿಟ್ಟರೆ ಅದೂ ಬಿಡುತ್ತದೆ ಎಂದುಕೊಂಡಿದ್ದು ಅವನ ಭ್ರಮೆ.

ಒಂದು ದಿನ ಹಿತ್ತಲಲ್ಲಿ ಮುನಿಲಕ್ಷ್ಮಮ್ಮ ಗೋರಂಟಿ ಅರೆಯುತ್ತಿದ್ದಳು. ಆಷಾಢ ಬಂದರೆ ಅವಳ ಕೈ ತಾನಾಗಿ ಆ ಗಿಡಕ್ಕೆ ಹೋಗುತ್ತಿತ್ತೇನೋ. ಅರೆದು ಮುಗಿಸಿ, ಕಾಲು ಚಾಚಿ ಕೂತು, ಬೆರಳುಗಳನ್ನು ಅಗಲಿಸಿ ನೋಡಿಕೊಂಡಳು. ಅಲ್ಲಿ ಹುಣ್ಣಿರಲಿಲ್ಲ. ಆಮೇಲೆ ಅರೆದದ್ದನ್ನು ಚಿಟಿಕೆಯಲ್ಲಿ ತೆಗೆದು, ಎಡಗೈಯ ಕಿರುಬೆರಳಿನ ಉಗುರಿಗೆ ಇಟ್ಟುಕೊಂಡಳು. ಮತ್ತೊಂದು ಬೆರಳಿಗೆ, ಮತ್ತೊಂದಕ್ಕೆ.

ಬಾಗಿಲಲ್ಲಿ ನಿಂತಿದ್ದ ಬೈರಣ್ಣನಿಗೆ ನಾಚಿಕೆಯಾಯಿತು. ಮೂವತ್ತೆಂಟು ವರ್ಷದಲ್ಲಿ ಒಮ್ಮೆಯೂ ಅವಳ ಉಗುರು ಕೆಂಪಾಗಿದ್ದದ್ದನ್ನು ಅವನು ಕಂಡಿರಲಿಲ್ಲ.

ಸಂಜೆ ಕೈ ತೊಳೆದುಕೊಂಡು ಬಂದು ಅವಳು ಅವನ ಮುಂದೆ ಬೆರಳು ಚಾಚಿದಳು.

"ಕೆಂಪಾಗೈತಾ?"

"ಆಗೈತೆ," ಎಂದ ಬೈರಣ್ಣ. ಅವನಿಗೆ ಸರಿಯಾಗಿ ಕಾಣುತ್ತಿರಲಿಲ್ಲ. ಕಣ್ಣು ಒರೆಸಿಕೊಂಡು ಇನ್ನೊಂದು ಸಲ ನೋಡಿದ.