ಏಳನೇ ಆರೋಗ್ಯವಂತ

ಏಳನೇ ನಂಬರಿನ ಆರೋಗ್ಯವಂತ ಆರೋಗ್ಯವಂತನ ಹಾಗೆ ಕಾಣಿಸಲಿಲ್ಲ. ಸುಮಂಗಲಾ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆದಳು, ಕನ್ನಡಕ ಒರೆಸಿಕೊಂಡಳು, ಮತ್ತೆ ಬಗ್ಗಿದಳು. ಕನ್ನಡಕದ ತಪ್ಪೇನೂ ಇರಲಿಲ್ಲ. ಪ್ಲಾಸ್ಟಿಕ್ ತಟ್ಟೆಯ ಆ ಪುಟ್ಟ ಗುಳಿಯೊಳಗೆ ಮರಳಿನಂತೆ ಚದುರಿ ಸುಮ್ಮನೆ ಬಿದ್ದಿರಬೇಕಾಗಿದ್ದ ಬಿಳಿ ರಕ್ತಕಣಗಳು ದ್ರಾಕ್ಷಿ ಗೊಂಚಲಿನಂತೆ ಒಂದಕ್ಕೊಂದು ಅಂಟಿಕೊಂಡು ಉಬ್ಬಿದ್ದವು. ಪಕ್ಕದ ಆರನೇ ಗುಳಿ ಸುಮ್ಮನಿತ್ತು. ಎಂಟನೆಯದೂ ಸುಮ್ಮನಿತ್ತು. ಏಳರಲ್ಲಿ ಮಾತ್ರ ಸಂತೆ ನೆರೆದಿತ್ತು.

ಹೈದರಾಬಾದಿನ ತಾರ್ನಾಕದ ಸಂಶೋಧನಾಲಯದಲ್ಲಿ ಅವಳು ನಾಲ್ಕು ವರ್ಷದಿಂದ ಮಾಡುತ್ತಿದ್ದುದು ಇಷ್ಟೇ: ಪಾರಿವಾಳದ ಹಿಕ್ಕೆ ಮತ್ತು ಗರಿಯ ಧೂಳು ಮನುಷ್ಯನ ಶ್ವಾಸಕೋಶವನ್ನು ಹೇಗೆ ಕೆಡಿಸುತ್ತವೆ ಎಂದು ಪತ್ತೆ ಹಚ್ಚುವುದು. ರಕ್ತದಿಂದ ಬಿಳಿಕಣಗಳನ್ನು ಕೆನೆ ತೆಗೆದಂತೆ ತೆಗೆಯಬೇಕು, ಗುಳಿಗೆ ಹಾಕಬೇಕು, ಮೇಲೆ ಹಿಕ್ಕೆಯಿಂದ ಇಳಿಸಿದ ತಿಳಿಯನ್ನು ಒಂದು ಹನಿ ಬಿಟ್ಟು ಐದು ದಿನ ಮೈಬಿಸಿಯಲ್ಲಿ ಇಡಬೇಕು. ರೋಗಿಯ ಕಣಗಳು ಹಳೆಯ ಶತ್ರುವಿನ ವಾಸನೆ ಹಿಡಿದು ಗುಂಪು ಕಟ್ಟುತ್ತವೆ. ಹೋಲಿಕೆಗೆಂದು ಇಟ್ಟ ಆರೋಗ್ಯವಂತರ ಕಣಗಳು "ಯಾರಪ್ಪಾ ನೀನು?" ಎಂದೂ ಕೇಳುವುದಿಲ್ಲ.

"ಯಾವುದೋ ರೋಗಿಯ ರಕ್ತ ಇದರಾಗ ಬಿದ್ದೈತಿ ಅಕ್ಕಾ," ಎಂದ ಹಿಂದಿನಿಂದ ಇಣುಕಿದ ಯಶವಂತ. ಬೀದರಿನವನು, ಅವಳಿಗಿಂತ ಎರಡು ವರ್ಷ ಕಿರಿಯ ಸಂಶೋಧಕ. "ಇಲ್ಲಾಂದ್ರ ಈ ಮನಶ್ಯಾ ಪಾರಿವಾಳದ ಗೂಡಿನಾಗ ಬಾಡಿಗಿ ಇದ್ದಾನ ನೋಡು."

ಸುಮಂಗಲಾ ನಗಲಿಲ್ಲ. ಚೀಟಿ ನೋಡಿದಳು, ಪುಸ್ತಕ ನೋಡಿದಳು, ಫ್ರೀಜರಿನಲ್ಲಿ ಉಳಿದಿದ್ದ ಅದೇ ರಕ್ತದ ಕಣಗಳನ್ನು ಕರಗಿಸಿ ಹೊಸದಾಗಿ ಹಾಕಿದಳು. ಐದು ದಿನ ಕಳೆದು ತೆರೆದಾಗ ಮತ್ತೆ ಅದೇ ಗೊಂಚಲು. ಏಳನೇ ನಂಬರು ಯಾರದೆಂದು ಬೀರು ತೆಗೆದು ನೋಡುವ ಅಗತ್ಯ ಅವಳಿಗಿರಲಿಲ್ಲ. ಈ ಕಸುಬಿನಲ್ಲಿ ರೋಗಿಗಳು ಸಾಲುಗಟ್ಟಿ ಸಿಗುತ್ತಾರೆ, ಬರಗಾಲವಿರುವುದು ಆರೋಗ್ಯವಂತರಿಗೆ. ಅರವತ್ತು ದಾಟಿದ, ಸಿಗರೇಟು ಸೇದದ, ಪಾರಿವಾಳದ ಹತ್ತಿರ ಸುಳಿಯದ, ಸೂಜಿಗೆ ಕೈ ಚಾಚುವ ಮನುಷ್ಯ ಎಲ್ಲಿ ಸಿಗಬೇಕು? ಒಂದು ಭಾನುವಾರ ಅವಳು ಮಲ್ಕಾಜ್‌ಗಿರಿಯ ಮನೆಗೆ ಹೋಗಿ ಅಪ್ಪನ ಮುಂದೆ ಹನ್ನೆರಡು ಪ್ರಶ್ನೆಗಳ ಫಾರ್ಮು ಹಿಡಿದಿದ್ದಳು. ನಿವೃತ್ತ ಗೂಡ್ಸ್ ಡ್ರೈವರ್ ಗೊಲ್ಲಾಳಪ್ಪ ಪ್ರಶ್ನೆ ಓದದೆಯೇ ಹನ್ನೆರಡಕ್ಕೂ "ಇಲ್ಲ" ಎಂದು ಬರೆದು ಸಹಿ ಹಾಕಿ ಏಳನೇ ಆರೋಗ್ಯವಂತನಾಗಿದ್ದ. ಸಹಿ ಮಾತ್ರ ಮೂರು ಬೋಗಿ ಉದ್ದವಿತ್ತು.

"ಕಂಗಾರು ಪಡಕು," ಎಂದರು ಅವಳ ಗೈಡ್ ಮೇಡಂ ತೆಲುಗಿನಲ್ಲಿ. ಗಾಬರಿ ಬೇಡ ಎಂದರ್ಥ. ಆದರೆ ಸುಮಂಗಲಾಳ ಎದೆಯೊಳಗಿನ ಕಂಗಾರು ಆಗಲೇ ಹೊಟ್ಟೆಚೀಲ ಕಟ್ಟಿಕೊಂಡು ಕುಪ್ಪಳಿಸತೊಡಗಿತ್ತು. ಕಣಗಳು ಗುಂಪು ಕಟ್ಟಿದವೆಂದರೆ ಅವಕ್ಕೆ ಪಾರಿವಾಳದ ಪರಿಚಯವಿದೆ ಎಂದಷ್ಟೇ, ರೋಗ ಬಂದಿದೆ ಎಂದಲ್ಲ, ಮೊದಲು ಉಸಿರಿನ ಪರೀಕ್ಷೆ ಮಾಡಿಸು, ಆಮೇಲೆ ಸ್ಕ್ಯಾನು, ಎಂದು ಮೇಡಂ ನಿಧಾನವಾಗಿ ತಿಳಿಸಿ ಹೇಳಿದರು. ಅದೆಲ್ಲ ಅವಳಿಗೆ ಗೊತ್ತಿತ್ತು. ಗೊತ್ತಿಲ್ಲದಿದ್ದುದು ಒಂದೇ: ಆ ಪರಿಚಯ ಇನ್ನೂ ಇಷ್ಟು ಹಸಿಯಾಗಿ ಉಳಿದದ್ದು ಹೇಗೆ? ಮೂರು ವರ್ಷದ ಹಿಂದೆ ಅವಳೇ ಮನೆಯ ಮಾಳಿಗೆಗೆ ಬಲೆ ಹಾಕಿಸಿ, ಅಪ್ಪ ಪಾರಿವಾಳಗಳಿಗೆ ಜೋಳ ಚೆಲ್ಲುವುದನ್ನು ನಿಲ್ಲಿಸಿದ್ದಳು. ಆಗ ಅವನು ಒಂದು ಮಾತೂ ಎದುರಾಡಿರಲಿಲ್ಲ. ಈಗ ನೆನೆದರೆ, ಗೊಲ್ಲಾಳಪ್ಪ ಎದುರಾಡದೆ ಒಪ್ಪಿದ ಮಾತು ಅದೊಂದೇ ಇರಬೇಕು.

ಸಂಜೆ ಅವಳು ಮನೆಗೆ ಹೋದಾಗ ಅಪ್ಪ ಅಡಿಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದ. ಅವ್ವ ಶರಣಬಸಮ್ಮ ರೊಟ್ಟಿ ಬಡಿಯುತ್ತಿದ್ದಳು.

"ಯಾತ್ರೀಗಣ್ ಕೃಪಯಾ ಧ್ಯಾನ್ ದೇ!" ಅಪ್ಪನ ಗಂಟಲಿನಿಂದ ಸಿಕಂದರಾಬಾದ್ ಸ್ಟೇಷನ್ನಿನ ಹೆಣ್ಣುದನಿ ಹೊರಟಿತು, ಮೂಗಿನ ಎಳೆತದ ಸಮೇತ. "ವಾಡಿ ಸೇ ಆನೇವಾಲೀ ಶರಣಬಸಮ್ಮ ಪ್ಯಾಸೆಂಜರ್ ಆಧಾ ಘಂಟಾ ದೇರೀ ಸೇ ರೊಟ್ಟಿ ದೇಗೀ…"

ರೊಟ್ಟಿ ಅರ್ಧ ತಾಸು ತಡ ಎಂಬ ಆ ಪ್ರಕಟಣೆಗೆ ಅವ್ವ ಹಿಟ್ಟಿನ ಕೈಯನ್ನು ಅವನತ್ತ ಝಾಡಿಸಿ ನಕ್ಕಳು. ಹಿಂದೆ ಇದೇ ಆಟ ಹಿಂದಿಯಿಂದ ತೆಲುಗಿಗೆ, ತೆಲುಗಿನಿಂದ ಕನ್ನಡಕ್ಕೆ ಹಳಿ ಬದಲಿಸಿ, ಕೊನೆಗೆ ಇಂಜಿನ್ನಿನ ಹಾರ್ನಿನಲ್ಲಿ ಮುಗಿಯುತ್ತಿತ್ತು. ಅದೂ ಒಂದೇ ಉಸಿರಿನಲ್ಲಿ. ಈಗ ಹಿಂದಿ ಮುಗಿಯುತ್ತಲೇ ಅವನು ಟವೆಲ್ಲಿನಿಂದ ಬಾಯಿ ಒರೆಸಿಕೊಂಡ. "ತೆಲುಗಿನಾಕಿ ರಜಾದ ಮ್ಯಾಲ ಹೋಗ್ಯಾಳ," ಎಂದ. ಎಷ್ಟೋ ತಿಂಗಳಿಂದ ಸುಮಂಗಲಾ ಈ ಮಾತಿಗೆ ನಗುತ್ತ ಬಂದಿದ್ದಳು. ಇವತ್ತು ನಗದೆ ಟವೆಲ್ಲು ನೋಡಿದಳು, ಅದರ ಹಿಂದೆ ಏರಿಳಿಯುತ್ತಿದ್ದ ಕೊರಳಿನ ಗುಣಿ ನೋಡಿದಳು.

"ಅಪ್ಪಾ, ದಮ್ಮ ಹತ್ತತೈತೇನು?"

"ದಮ್ಮ ಇಲ್ಲದವರಿಗೆ ದಮ್ಮ ಹತ್ತತೈತಿ. ನಮಗ ದಮ್ಮ ಐತಿ."

"ಕೆಮ್ಮು?"

"ಫಿಟ್."

"ಕೆಮ್ಮು ಐತೇನು ಅಂದ್ರ ಫಿಟ್ ಅಂತ ಹ್ಯಾಂಗ ಅಂತೀ?"

"ಮೂವತ್ತಾರು ವರ್ಷ ರೈಲ್ವೆ ಡಾಕ್ಟರಿಗೆ ಇದನ್ನ ಹೇಳೀನಿ. ಎಂ.ಬಿ.ಬಿ.ಎಸ್. ಓದಿದಾವ ಒಪ್ಯಾನ. ನೀ ಬರೇ ಪಿಎಚ್.ಡಿ., ಅದೂ ಅರ್ಧಾ."

ಅವನು ಹೊರಗೆ ಹೋದ ಮೇಲೆ ಅವ್ವ ಹಂಚಿನ ಮೇಲೆ ರೊಟ್ಟಿ ತಿರುವುತ್ತ ಮೆಲ್ಲಗೆ ಹೇಳಿದಳು. "ಅವರ ಬಾಯಿಂದ ಬ್ಯಾನಿ ಅನ್ನೂದು ಹೊರಗ ಬರೂದಿಲ್ಲವಾ. ಒಂದು ಸಲ 'ಆಗವಲ್ದು' ಅಂದ್ರ ಇಂಜಿನ್ನಿಂದ ಇಳಸಿ ಕುರ್ಚಿಗೆ ಹಾಕ್ತಿದ್ರು. ಜ್ವರದಾಗೂ ಫಿಟ್ ಅಂತ ಬರಸಿ ಬರ್ತಿದ್ರು. ಅವರಂತ ಏನು, ಎಲ್ಲಾ ಡ್ರೈವರ್‌ಗೋಳದ್ದೂ ಇದಾ ರೂಢಿ." ಆಮೇಲೆ ಇನ್ನೂ ಮೆಲ್ಲಗೆ, "ಮುಂಜಾನೆ ವಾಕಿಂಗ್ ಹೋಗಿ ಬಂದ್ರ ತಾಸು ಹೊತ್ತು ಮಾತಿಲ್ಲ. ಅಂಗಿಗೆ ಗರಿ ಹತ್ತಿರತೈತಿ. ಡಬ್ಬ್ಯಾಗಿನ ಜ್ವಾಳ ಎಲ್ಲಿ ಹೊಕ್ಕಾವೋ ನಾ ಕೇಳಿಲ್ಲ, ಅವರು ಹೇಳಿಲ್ಲ."

ಮರುದಿನ ಆರು ಗಂಟೆಗೆ ಗೊಲ್ಲಾಳಪ್ಪ ಚಪ್ಪಲಿ ಮೆಟ್ಟಿದಾಗ ಸುಮಂಗಲಾ ಹಿಂದೆಯೇ ಹೊರಟಳು. ಅಡಗಿಕೊಂಡು ನಡೆಯಬೇಕಾಗಲೇ ಇಲ್ಲ. ಅಪ್ಪ ಒಂದು ಸಲವೂ ತಿರುಗಿ ನೋಡಲಿಲ್ಲ. ಆದರೆ ಪ್ರತಿ ನಾಲ್ಕನೇ ಲೈಟು ಕಂಬಕ್ಕೊಮ್ಮೆ ನಿಂತು, ಅಂಟಿಸಿದ ಕೋಚಿಂಗ್ ಸೆಂಟರಿನ ಜಾಹೀರಾತನ್ನು ಪರೀಕ್ಷೆಗೆ ಕೂರುವವನಂತೆ ಓದುತ್ತಿದ್ದ. ಸ್ಟೇಷನ್ನಿನ ಆಚೆ, ಹಳಿಗಳ ಪಕ್ಕ, ಯಾರೂ ಬಳಸದ ಒಂದು ಹಳೆಯ ಸಿಗ್ನಲ್ ಕ್ಯಾಬಿನ್ ಇತ್ತು. ಅದರ ಬಾಗಿಲು ದೂಡಿ ಒಳಗೆ ಹೋದ.

ಅವಳು ಬಾಗಿಲಲ್ಲಿ ನಿಂತಾಗ ನೂರಾರು ರೆಕ್ಕೆಗಳು ಒಮ್ಮೆಲೇ ಬಡಿದವು. ಒಡೆದ ಕಿಟಕಿಯ ಬಿಸಿಲು ಧೂಳಿನಿಂದ ಗಟ್ಟಿಯಾಗಿ, ಕೈಯಲ್ಲಿ ಹಿಡಿಯಬಹುದಾದ ತೊಲೆಯಂತೆ ಓರೆಯಾಗಿ ನಿಂತಿತ್ತು. ನೆಲದಲ್ಲಿ ವರ್ಷಗಳ ಹಿಕ್ಕೆ. ಅವಳ ಪ್ರಯೋಗಾಲಯದಲ್ಲಿ ಇದರ ಒಂದು ಚಿಟಿಕೆಯನ್ನು ಮಾಸ್ಕು, ಗ್ಲೌಸು ಹಾಕಿಕೊಂಡು ಗಾಜಿನ ಕಪಾಟಿನೊಳಗೆ ಮುಟ್ಟುತ್ತಿದ್ದರು. ಅಪ್ಪ ಅದರ ನಡುವೆ ಬರಿಮೂಗಿನಲ್ಲಿ ನಿಂತು, ಒಂದು ಮೂಲೆಗೆ ಒಂದು ಮುಷ್ಟಿ, ಇನ್ನೊಂದು ಮೂಲೆಗೆ ಒಂದು, ಕಿಟಕಿಯ ಕೆಳಗೆ ಒಂದು, ಹೀಗೆ ಜೋಳ ಹಾಕಿದ. ಮೂರೇ. ಚೀಲದಲ್ಲಿ ಇನ್ನೂ ಉಳಿದಿದ್ದರೂ ಬಾಯಿ ಕಟ್ಟಿದ.

"ಹೊರಗ ಬಾ ಅಪ್ಪಾ." ಅವಳು ಅಂಗೈಯಿಂದ ಮೂಗು ಮುಚ್ಚಿಕೊಂಡಳು. "ಮೊದಲು ಹೊರಗ ಬಾ!"

ಹೊರಗೆ ಕಲ್ಲುಹಾಸಿನ ಮೇಲೆ ಕೂತ ಮೇಲೆ ಅವನು ಬಹಳ ಹೊತ್ತು ಕೆಮ್ಮಿದ. ಒಣ ಕೆಮ್ಮು. ಅಣಕ ಬಲ್ಲ ಗಂಟಲು ಅದನ್ನೂ ಕೊನೆಗೆ ಶಂಟಿಂಗ್ ಇಂಜಿನ್ನಿನ ಸದ್ದಿಗೆ ತಿರುಗಿಸಲು ನೋಡಿತು, ಆಗಲಿಲ್ಲ.

"ಫಾರ್ಮಿನಾಗ ಪಾರಿವಾಳ ಇಲ್ಲ ಅಂತ ಬರದೀ."

"ಸಾಕೀರೇನು ಅಂತ ಕೇಳಿರಬೇಕು. ನಾ ಎಲ್ಲಿ ಸಾಕೀನಿ? ಅವು ತಮ್ಮ ಪಾಡಿಗೆ ಅದಾವ."

"ಕಡೀ ಪ್ರಶ್ನೆ ಏನಿತ್ತು ಹೇಳು? 'ಹತ್ತಿರ ಹೋಗ್ತೀರೇನು' ಅಂತಿತ್ತು. ನೀ ಓದಲೇ ಇಲ್ಲ." ಅವಳು ಅವನ ಬೆರಳು ಹಿಡಿದು ಉಗುರು ನೋಡಿದಳು. ತುದಿ ಗುಂಡಗೆ ಉಬ್ಬಿತ್ತು. ಪುಸ್ತಕದ ಶ್ವಾಸಕೋಶ ರೋಗಿಗಳ ಚಿತ್ರಗಳಲ್ಲಿ ಅವಳು ನೂರು ಸಲ ನೋಡಿದ್ದ ಉಬ್ಬು. "ನಿನ್ನ ಎದಿಯೊಳಗ ಏನು ನಡದೈತಿ ಗೊತ್ತದೇನು? ಈ ಧೂಳು ಒಳಗ ಹೋದ ಕೂಡ್ಲೆ ರಕ್ತದಾಗಿನ ಕಾವಲು ಕಣಗಳು ಬಡದಾಟಕ್ಕ ಇಳೀತಾವ. ಬಡದಾಟದಾಗ ಗ್ವಾಡಿ ಒಡೀತೈತಿ. ಗ್ವಾಡಿ ರಿಪೇರಿಗೆ ಗೌಂಡಿ ಕಣಗಳು ಬರ್ತಾವ. ದಿನಾ ಬಡದಾಟ, ದಿನಾ ರಿಪೇರಿ. ಕಡೀಗೆ ಗೌಂಡಿಗಳು ಮನೀಗೆ ಹೋಗೂದ ಮರೀತಾವಪ್ಪ. ಸಿಮೆಂಟಿನ ಗಿಲಾಯ ಮ್ಯಾಲ ಗಿಲಾಯ ಮೆತ್ತಕೋಂತ ಹೊಂಟ್ರ, ಗಾಳಿ ನಿಲ್ಲೂ ಖೋಲಿನಾ ಮುಚ್ಚಿ ಹೋಗತೈತಿ. ಅದನ್ನ ಮತ್ತ ಒಡಿಯಾಕ ನಮ್ಮಲ್ಲಿ ಇನ್ನೂ ಔಷಧ ಇಲ್ಲ."

ಗೊಲ್ಲಾಳಪ್ಪ ಹಳಿಯತ್ತ ನೋಡುತ್ತಿದ್ದ. "ಮೂರು ಮಂದಿ ಅದಾರವಾ," ಎಂದ.

"ಯಾರು?"

"ನನ್ನ ಗಾಡಿಗೆ ಅಡ್ಡ ಬಂದು ಸತ್ತವರು. ತಾಂಡೂರಿನ ಆಚೆ ಒಬ್ಬ ಮುದುಕ. ಚಿತ್ತಾಪುರದ ಹತ್ರ ಗಂಡ ಹೆಂಡ್ತಿ, ಕೈ ಹಿಡಕೊಂಡು. ಹಾರ್ನ್ ಹೊಡದೆ, ಬ್ರೇಕ್ ಒತ್ತಿದೆ. ಮೂರು ಸಾವಿರ ಟನ್ ಸಿಮೆಂಟ್ ಎಲ್ಲಿ ನಿಂದರತೈತಿ?" ಉಸಿರು ತೆಗೆದುಕೊಂಡ. "ಮರುದಿನಾ ಡಾಕ್ಟರ್ ಕೇಳಿದ, ನಿದ್ದಿ ಬರತೈತೇನಪ್ಪಾ ಅಂತ. ಫಿಟ್ ಅಂದೆ. ಏನಂತ ಹೇಳ್ಬೇಕಿತ್ತು? ನಿಮ್ಮವ್ವಗೂ ಹೇಳಿಲ್ಲ. ಅವತ್ತಿನಿಂದ ಒಬ್ಬೊಬ್ಬರ ಹೆಸರಿಲೆ ಒಂದು ಮುಷ್ಟಿ. ನೀ ಮಾಳಿಗಿಗೆ ಬಲಿ ಹಾಕಿಸಿದಿ ಅಂತ ಇಲ್ಲಿ ತಂದು ಹಾಕ್ತೀನಿ."

ಸುಮಂಗಲಾ ಅವನ ಕೈಯಿಂದ ಜೋಳದ ಚೀಲ ತೆಗೆದು ತನ್ನ ಮಡಿಲಲ್ಲಿ ಇಟ್ಟುಕೊಂಡಳು. ಒಂದು ಎಂ.ಎಂ.ಟಿ.ಎಸ್. ಲೋಕಲ್ ಗಾಡಿ ಹಾದುಹೋಯಿತು.

"ನಾಳೆಯಿಂದ ನಾ ಹಾಕ್ತೀನಿ," ಎಂದಳು. "ಮಾಸ್ಕ್ ಹಾಕ್ಕೊಂಡು, ಬಯಲಾಗ. ನೀ ಈ ಕಡೆ ಕಾಲಿಡಬ್ಯಾಡ. ಮತ್ತ ಇವತ್ತು ನನ್ನ ಸಂಗಾಟ ಬರ್ತೀ."

"ಎಲ್ಲಿಗೆ?"

"ಫಿಟ್ ಅಂತ ಬರಸಾಕ."

ಪರೀಕ್ಷಾ ಕೇಂದ್ರದಲ್ಲಿ ಗೊಲ್ಲಾಳಪ್ಪನ ಮೂಗಿಗೆ ಬಟ್ಟೆ ಒಣಹಾಕುವಂಥ ಕ್ಲಿಪ್ಪು ಹಾಕಿ, ಬಾಯಿಗೆ ರಟ್ಟಿನ ನಳಿಕೆ ಕೊಟ್ಟರು. ಉದ್ದ ಉಸಿರೆಳೆದು ನಿಲ್ಲಿಸದೆ ಊದಲು ನಡುವಯಸ್ಸಿನ ಟೆಕ್ನೀಶಿಯನ್ ಹೈದರಾಬಾದಿ ಹಿಂದಿಯಲ್ಲಿ ಅರಚಿದ. "ಲಂಬೀ ಸಾಂಸ್ ಲೇಕೋ ಜೋರ್ ಸೇ ಫೂಂಕೋ ಚಾಚಾ! ರುಕ್ನಾ ನಕ್ಕೋ! ಫೂಂಕೋ ಫೂಂಕೋ ಫೂಂಕೋ!"

ಅಪ್ಪ ಊದಿದ. ಭರ್ಜರಿ ಸದ್ದು, ಎದೆಯ ಆಳದಿಂದ ಉಗಿ ಬಿಟ್ಟಂತೆ ಭುಸ್ಸೆಂದು ಏಳೆಂಟು ಸೆಕೆಂಡು. ಬಾಗಿಲಲ್ಲಿ ನಿಂತ ಸುಮಂಗಲಾಳ ಮುಖ ಅರಳಿತು. ಇಷ್ಟು ಉಸಿರಿದ್ದರೆ ಎಲ್ಲ ಸರಿಯಿದೆ. ಆದರೆ ಟೆಕ್ನೀಶಿಯನ್ ಪರದೆ ನೋಡಿದ, ನಳಿಕೆ ನೋಡಿದ, ಅಪ್ಪನನ್ನು ನೋಡಿದ. ಪರದೆಯ ಮೇಲಿನ ಗೆರೆ ತುಸುವೇ ಎದ್ದು ನೆಲ ಹಿಡಿದಿತ್ತು.

"ಚಾಚಾ, ಆವಾಜ್ ನಕ್ಕೋ," ಎಂದ ಅವನು, ಈಗ ಮೆತ್ತಗೆ. "ಹವಾ ಹೋನಾ."

ಸದ್ದು ಬೇಡ, ಗಾಳಿ ಬೇಕು. ಅವಳಿಗೆ ಆಗ ಅರ್ಥವಾಯಿತು. ಅಪ್ಪ ಉಸಿರನ್ನು ಅಣಕ ಮಾಡಿದ್ದ. ಪೂರ್ತಿ ಎದೆಯ ಮನುಷ್ಯ ಊದಿದರೆ ಹೇಗೆ ಕೇಳಿಸುತ್ತದೋ ಹಾಗೆ, ಗಂಟಲಲ್ಲೇ. ಡಾಕ್ಟರರನ್ನು ದಾಟಿಸಿದ ವಿದ್ಯೆ ಯಂತ್ರದ ಮುಂದೆ ನಡೆಯಲಿಲ್ಲ.

ಎರಡನೇ ಸಲ ಅವನು ಮಗಳ ಕಡೆ ನೋಡಲಿಲ್ಲ. ಸದ್ದಿಲ್ಲದೆ ಊದಿದ. ಗೆರೆ ನೆಟ್ಟಗೆ ಏರಿತು, ಏರಬೇಕಾದ ಅರ್ಧಕ್ಕೇ ಚಪ್ಪಟೆಯಾಗಿ ನಿಂತಿತು. ಟೆಕ್ನೀಶಿಯನ್ "ಬಸ್, ಬಸ್" ಎಂದು ಬೆನ್ನು ಸವರುವ ತನಕ, ಬರದ ಗಾಳಿಯನ್ನು ಅವನು ಹಿಂಡುತ್ತಲೇ ಇದ್ದ. ಮೂರನೇ ಸಲವೂ ಅದೇ ಅರ್ಧ.

"ಎಷ್ಟು ಬಂತವಾ?" ಕ್ಲಿಪ್ಪು ತೆಗೆಯುತ್ತ ಕೇಳಿದ.

"ಸ್ಕ್ಯಾನ್ ಆಗ್ಲಿ, ಹೇಳ್ತಾರ."

"ನಿನಗ ಗೊತ್ತೈತಿ."

"ಗೊತ್ತೈತಿ," ಎಂದಳು ಸುಮಂಗಲಾ. "ಅರ್ಧಾ ಐತಿ."

ಅವನು ತಲೆಯಾಡಿಸಿದ. ಮುಂದಿನ ಸಿಗ್ನಲ್ಲು ಕೆಂಪು ಎಂದು ಯಾರೋ ಹೇಳಿದರೆ ಆಡಿಸುವಷ್ಟೇ.

ಸ್ಕ್ಯಾನ್ ಕೋಣೆಯ ಹೊರಗೆ ಅಂಗಿ ಬಿಚ್ಚಿಸಿ, ಹಿಂದೆ ಲಾಡಿ ಕಟ್ಟುವ ಹಸಿರು ನಿಲುವಂಗಿ ಕೊಟ್ಟರು. ಗೊಲ್ಲಾಳಪ್ಪ ಕೈ ಹಿಂದೆ ಮಾಡಿ ಎರಡು ಸಲ ತಡಕಾಡಿದ. ಲಾಡಿ ಸಿಗಲಿಲ್ಲ.

"ಇದೊಂದು ಕಟ್ಟವಾ."

ಅವಳು ಕಟ್ಟತೊಡಗಿದಳು. ಅಪ್ಪನ ಬೆನ್ನನ್ನು ಇಷ್ಟು ಹತ್ತಿರದಿಂದ ಯಾವತ್ತೂ ನೋಡಿರಲಿಲ್ಲ. ರೆಕ್ಕೆಯ ಎಲುಬುಗಳು ಬೇಗ ಬೇಗ ಏಳುತ್ತಿದ್ದವು, ಇಳಿಯುತ್ತಿದ್ದವು. ಒಂದು ಗಂಟು ಹಾಕಿ, ಎರಡನೆಯದು ಬಿಗಿಯಾದೀತೆಂದು ಬೆನ್ನು ಮೇಲೇಳುವುದನ್ನೇ ಕಾದಳು. ಅರೆತೆರೆದ ಬಾಗಿಲಿನ ಒಳಗಿನಿಂದ ಯಂತ್ರದ ದನಿ ಇನ್ನಾರಿಗೋ ಉಸಿರೆಳೆದು ಹಿಡಿಯಲು ಹೇಳಿತು: ಸಾಂಸ್ ಅಂದರ್ ಲೀಜಿಯೇ. ರೋಕಿಯೇ.

ಅವಳ ಅಂಗೈ ಕೆಳಗೆ ಬೆನ್ನು ಎದ್ದು, ಅಲ್ಲೇ ನಿಂತಿತು. ಇಳಿಯಲಿಲ್ಲ.

"ನಿನ್ನ ಪಾಳಿ ಇನ್ನೂ ಬಂದಿಲ್ಲಪ್ಪಾ," ಎಂದಳು. "ಬಿಡು."

ಅವಳ ಕೈಯ ಅಡಿಯಲ್ಲಿ ಬೆನ್ನು ನಿಧಾನವಾಗಿ ಇಳಿಯಿತು.