ನೀಲಿ ಆಂಟೆನಾ

ಮಲಕಪ್ಪ ತನ್ನ ಮಗಳು ಪಂದ್ಯದಲ್ಲಿ ಓಡುವುದನ್ನು ಒಮ್ಮೆಯೂ ನೋಡಿರಲಿಲ್ಲ. ಭಾಗ್ಯಶ್ರೀ ವಿಜಯಪುರದ ಕ್ರೀಡಾ ಹಾಸ್ಟೆಲು ಸೇರಿ ನಾಲ್ಕು ವರ್ಷವಾಗಿತ್ತು. ಖೋ ಖೋದಲ್ಲಿ ರಾಜ್ಯ ತಂಡಕ್ಕೂ ಬಂದಿದ್ದಳು. ಅಪ್ಪ ಪೀಣ್ಯದ ಶೆಡ್ಡಿನಲ್ಲಿ ಕಬ್ಬಿಣದ ಸಾಮಾನಿಗೆ ಬಣ್ಣದ ಪುಡಿ ಹೊಡೆಯುತ್ತ, ಅವಳು ಗೆದ್ದ ಕಪ್ಪುಗಳನ್ನು ಫೋಟೋದಲ್ಲಿ ಮಾತ್ರ ಕಂಡಿದ್ದ. ಇವತ್ತು, ಭಾನುವಾರ, ನಾಗಪುರದಲ್ಲಿ ಫೈನಲ್. ಮೊಬೈಲಿನಲ್ಲಿ ಬರುವುದಿಲ್ಲ, ದೂರದರ್ಶನದ ಆಟದ ಚಾನೆಲ್ಲಿನಲ್ಲಿ ಮಾತ್ರ ಎಂದು ಅವಳ ಮೇಷ್ಟ್ರು ಹೇಳಿದ್ದರು. ಹನ್ನೊಂದಕ್ಕೆ ಐದು ನಿಮಿಷವಿತ್ತು. ಮಾಕಳಿಯಲ್ಲಿ, ಬಾಡಿಗೆ ಮನೆಯೊಡತಿ ಮುನಿಯಕ್ಕನ ತಾರಸಿಯ ಮೇಲೆ ಅವನು ಆಂಟೆನಾ ಹಿಡಿದು ನಿಂತಿದ್ದ.

"ಬಂತೇನ?" ಎಂದು ಕೂಗಿದ.

"ಏನೂ ಬರ್ಲಿಲ್ಲ ಕಣಪ್ಪ," ಕೆಳಗಿನಿಂದ ಮುನಿಯಕ್ಕ. "ಸಿಗ್ನಲ್ ಇಲ್ಲ ಅಂತ ಅಂಗೇ ಬರ್ಕೊಂಡು ಕೂತದೆ."

"ನಾಗಸಂದ್ರದ ಕಡೆ ತಿರುಗಸಣ್ಣಾ, ಇನ್ನಷ್ಟು. ಟಿವಿ ಟವರ್ ಆ ಕಡೆ ಐತಿ," ಪಕ್ಕದಲ್ಲಿ ನಿಂತ ನೆರೆಮನೆಯ ಸಿದ್ರಾಮ ಹೇಳಿದ.

ಆಂಟೆನಾ ಸಿದ್ರಾಮನ ಕೈಕೆಲಸ. ಅವನಿಗೆ ಅಲ್ಯೂಮಿನಿಯಂ ಕಿಟಕಿ ಮಾಡುವ ಅಂಗಡಿಯಲ್ಲಿ ಕೆಲಸ. ಚರಂಡಿ ಅಗೆಯುವವರು ಬೀದಿಯ ಕೇಬಲ್ ವೈರು ಕತ್ತರಿಸಿ ಹೋಗಿ, ಮುನಿಯಕ್ಕನ ಟಿವಿ ಹದಿನೈದು ದಿನದಿಂದ ಸುಮ್ಮನೆ ಬಿದ್ದಿತ್ತು. "ಸರ್ಕಾರದ ಚಾನೆಲ್ ಗಾಳ್ಯಾಗ ಪುಕ್ಕಟೆ ಬರ್ತಾವಣ್ಣ, ಡಿಜಿಟಲ್ಲು. ಹಿಡಿಯೋದು ಈ ಟಿವಿಯೊಳಗ ಐತಿ. ಮ್ಯಾಲೊಂದು ಆಂಟೆನಾ ಬೇಕಷ್ಟ," ಎಂದು ಅವನು ಉಳಿಕೆ ಕೊಳವೆಗಳನ್ನು ಕತ್ತರಿಸಿ, ಮೀನಿನ ಮುಳ್ಳಿನ ಹಾಗೆ ಜೋಡಿಸಿ ತಂದಿದ್ದ. ಶುಕ್ರವಾರ ಸಂಜೆ ಕಟ್ಟಿ ನೋಡಿದಾಗ ಐದು ಚಾನೆಲ್ ತೊಳೆದಿಟ್ಟಷ್ಟು ಸ್ವಚ್ಛವಾಗಿ ಬಂದಿದ್ದವು. ಮುನಿಯಕ್ಕ ವಾರ್ತೆ ಓದುವವಳ ಸೀರೆಯ ಅಂಚನ್ನು ಕಂಡು, "ಕೇಬಲ್ನೋನಿಗೆ ಇನ್ಮೇಲೆ ಬಾಗ್ಲಿಗೆ ಬರ್ಬೇಡ ಅಂತೀನಿ," ಎಂದಿದ್ದಳು.

ಅಲ್ಲಿಗೆ ಬಿಟ್ಟಿದ್ದರೆ ಆಗುತ್ತಿತ್ತು. ಮಲಕಪ್ಪನಿಗೆ ಮನಸ್ಸು ಒಪ್ಪಲಿಲ್ಲ. ಮಗಳ ಆಟ ತರುವ ಸಾಮಾನು ಗುಜರಿಯ ಹಾಗೆ ಬೋಳುಬೋಳಾಗಿ ನಿಲ್ಲುವುದೇ? ಶನಿವಾರ ಅದನ್ನು ಬಿಚ್ಚಿ, ಒಂದೊಂದು ಕೊಳವೆಯನ್ನೂ ಶೆಡ್ಡಿಗೆ ಒಯ್ದು, ಸೂಪರ್‌ವೈಸರನ್ನು ಕೇಳಿಕೊಂಡು, ರಾಜ್ಯ ತಂಡದ ಅಂಗಿಯದೇ ನೀಲಿ ಪುಡಿ ಹೊಡೆದು ಭಟ್ಟಿಯಲ್ಲಿ ಬೇಯಿಸಿದ. ಇಪ್ಪತ್ತು ವರ್ಷದಲ್ಲಿ ಅಷ್ಟು ನಯವಾದ ಕೆಲಸ ಅವನ ಕೈಯಿಂದ ಬಂದಿರಲಿಲ್ಲ. ಇವತ್ತು ಬೆಳಿಗ್ಗೆ ಜೋಡಿಸಿ ನಿಲ್ಲಿಸಿದಾಗ ಇಡೀ ಸಾಲುಮನೆಯವರು ಬಂದು ನೋಡಿದ್ದರು; ಟಿವಿ ಹಾಕಿ ನೋಡುವುದು ಮಾತ್ರ ಯಾರಿಗೂ ಹೊಳೆದಿರಲಿಲ್ಲ.

ಈಗ ಅದು ಬಿಸಿಲಿಗೆ ಮಿಂಚುತ್ತಿತ್ತು, ಮತ್ತೇನೂ ಮಾಡುತ್ತಿರಲಿಲ್ಲ.

ಹನ್ನೊಂದಾಯಿತು. ಹನ್ನೊಂದೂಕಾಲಾಯಿತು. ಹಳೆಯ ಟಿವಿಯಾಗಿದ್ದರೆ ಚುಕ್ಕೆಯೋ ಗೆರೆಯೋ ಕಂಡು ದಾರಿ ತಿಳಿಯುತ್ತಿತ್ತು. ಇದರಲ್ಲಿ ಬಂದರೆ ಪೂರ್ತಿ, ಇಲ್ಲವಾದರೆ ಏನೂ ಇಲ್ಲ. ಸಿದ್ರಾಮ ವೈರು ಬದಲಿಸಿದ. ಮಲಕಪ್ಪ ಕಂಬವನ್ನು ಎಂಟು ದಿಕ್ಕಿಗೂ ತಿರುಗಿಸಿದ. ಅವನ ಹೆಂಡತಿ ಹೊಳೆವ್ವ ಮೆಟ್ಟಿಲಿಗೆ ಬಂದಳು.

"ಮಂದಿ ಎಲ್ಲಾ ಟಿವಿ ಮುಂದ ಕುಂತಾರ. ಗ್ವಾಡಿ ನೋಡಿದಂಗ ನೋಡಾಕತ್ತಾರ. ಮೊನ್ನಿ ಬಂದದ್ದು ಇವತ್ತ ಯಾಕ ಬರವಲ್ದು?"

"ಮೊನ್ನಿ ಬರೇ ಮೈಲೆ ಇತ್ತಲ್ಲವ್ವಾ. ಇವತ್ತ ಮದಿಮಗಳು. ನಾಚ್ಕೊಂಡಿರಬೇಕು," ಎಂದ ಸಿದ್ರಾಮ.

ಮಲಕಪ್ಪ ಕಂಬ ಬಿಟ್ಟು ಆಂಟೆನಾದ ನಡುವೆ ನೋಡಿದ. ಅಲ್ಲಿ ಎರಡು ಕೊಳವೆಗಳ ತುದಿಗೆ ಬೋಲ್ಟು ಹಾಕಿ ವೈರು ಬಿಗಿದಿತ್ತು. ತೂತಿನೊಳಗೂ ನೀಲಿ ಬಣ್ಣ, ಒಂದೆಳೆ ಬಿಡದೆ.

ಶೆಡ್ಡಿನಲ್ಲಿ ಸಾಮಾನುಗಳನ್ನು ಕೊಕ್ಕೆಗೆ ತೂಗುಹಾಕುತ್ತಾರೆ. ಕೊಕ್ಕೆಯ ಮೇಲೆ ಹಳೆಯ ಬಣ್ಣ ಕೂತಿದ್ದರೆ ಕರೆಂಟು ದಾಟುವುದಿಲ್ಲ, ಪುಡಿ ಹಿಡಿಯುವುದಿಲ್ಲ. ಹಾಗಾಗಿ ದಿನಾ ಬೆಳಿಗ್ಗೆ ಮಲಕಪ್ಪನ ಮೊದಲ ಕೆಲಸವೇ ಕೊಕ್ಕೆಗಳ ಬಣ್ಣ ಕೆರೆಯುವುದು.

"ಸಿದ್ರಾಮ," ಎಂದ. "ಕೊಕ್ಕಿ ಕೆರದಿಲ್ಲೋ."

"ಯಾವ ಕೊಕ್ಕಿ?"

ಮಲಕಪ್ಪ ಆಗಲೇ ಬೋಲ್ಟು ಬಿಚ್ಚುತ್ತಿದ್ದ. ಬೀಗದ ಕೈಯಿಂದ ಕೆರೆದ, ಕೈ ಜಾರಿತು. ಕೊಳವೆಯನ್ನು ಕಟ್ಟೆಯ ಒರಟು ಸಿಮೆಂಟಿಗೆ ಉಜ್ಜಿದ. ನೀಲಿ ಹಾಗೇ ಇತ್ತು. ಹೊಳೆವ್ವ ಕೆಳಗೆ ಓಡಿ ಹೇಳಿದಳು; ಮುನಿಯಕ್ಕ ಮಚ್ಚು ಹಿಡಿದು ಏದುಸಿರು ಬಿಡುತ್ತ ಮೇಲೆ ಬಂದಳು.

"ತಗಾ, ಇದ್ರಾಗೆ ಕೆರಿ. ಅದ್ಯಾಕಪ್ಪ ಇಂಗೆ ಗಟ್ಟಿಯಾಗಿ ಬಳ್ದಿದ್ದೀಯ?"

"ಹತ್ತು ವರ್ಷ ಗ್ಯಾರಂಟಿ ಅಕ್ಕಾರ," ಎಂದ ಮಲಕಪ್ಪ ಹಲ್ಲು ಕಚ್ಚಿ, ಮಚ್ಚಿನ ಅಲಗಿನಿಂದ ತನ್ನದೇ ಕೆಲಸವನ್ನು ಸಿಪ್ಪೆಸಿಪ್ಪೆಯಾಗಿ ತೆಗೆಯುತ್ತ. ಒಂದು ತುದಿ ಬೆಳ್ಳಗಾಯಿತು. ಎರಡನೆಯದಕ್ಕೆ ಹೆಬ್ಬೆರಳ ಉಗುರೂ ಸೇರಿ ಹೋಯಿತು. ರಕ್ತ ಒರೆಸಿಕೊಂಡು, ತೂತಿನೊಳಗೆ ಮೊಳೆ ತಿರುಗಿಸಿ ಕೆರೆದು, ಬೋಲ್ಟು ಬಿಗಿದ. ಸಿದ್ರಾಮ ಕಂಬವನ್ನು ನಾಗಸಂದ್ರದ ಕಡೆ ತಿರುಗಿಸಿದ.

ಕೆಳಗೆ ಒಮ್ಮೆಲೇ ಗದ್ದಲವೆದ್ದಿತು. ಅದರೊಳಗೆ ಹೊಳೆವ್ವನ ದನಿ: "ಬಾ, ಬಾ, ಲಗೂನ ಬಾ!"

ಮಲಕಪ್ಪ ಮೆಟ್ಟಿಲನ್ನು ಎರಡೆರಡಾಗಿ ಇಳಿದ. ಬಾಗಿಲಿನಲ್ಲಿ ನಿಂತವರನ್ನು ತೋಳಿನಿಂದ ಸರಿಸಿದ. ನೀಲಿ ಅಂಗಿಯ ಮೂವರು ಹುಡುಗಿಯರು ಆಗಷ್ಟೇ ಅಂಗಳಕ್ಕೆ ಇಳಿಯುತ್ತಿದ್ದರು. ಕೊನೆಯ ಸರದಿ, ಕೊನೆಯ ಗುಂಪು. ಹಿಂದಿದ್ದವಳನ್ನು ಯಾರೂ ತೋರಿಸಬೇಕಾಗಲಿಲ್ಲ. ಓಡುವ ಮೊದಲು ಎಡಗೈಯಿಂದ ಜಡೆಯನ್ನು ಅಂಗಿಯೊಳಗೆ ತುರುಕುವುದು ಅವಳಿಗೆ ಮೂರನೇ ವಯಸ್ಸಿನಿಂದ ಇದ್ದ ರೂಢಿ.

ಇಬ್ಬರು ಬೇಗ ಔಟಾದರು. ಭಾಗ್ಯಶ್ರೀ ಉಳಿದಳು. ಕಂಬ ಸುತ್ತಿದಳು, ಬೆನ್ನು ಬಗ್ಗಿಸಿ ಒಂದು ಕೈಯಿಂದ ತಪ್ಪಿಸಿಕೊಂಡಳು, ಕುಳಿತವರ ಸಾಲಿನ ನಡುವೆ ನುಸುಳಿದಳು. ಬೆನ್ನಟ್ಟಿ ಬಂದವಳು ಹಾರಿ ಬಿದ್ದು ಮಣ್ಣು ಕಚ್ಚಿದಳು.

"ಏ ಬಿಡಬ್ಯಾಡ, ಬಲಕ್ಕ ಹೊಳ್ಳು," ಮಲಕಪ್ಪ ಟಿವಿಗೆ ಹೇಳುತ್ತಿದ್ದ. "ಬಲಕ್ಕ, ನನ್ನವ್ವ, ಬಲಕ್ಕ."

ಅವಳು ಬಲಕ್ಕೆ ಹೊರಳಿದಳು. ಆಟ ಮುಗಿದ ಸೀಟಿ ಊದಿದರು. ಅವಳು ಸಿಕ್ಕಿರಲಿಲ್ಲ.

ಮನೆಯೊಳಗಿನ ಕೂಗಿಗೆ ಬೀದಿಯ ನಾಯಿ ಬೊಗಳಿತು. ಹೊಳೆವ್ವ ಮುನಿಯಕ್ಕನ ಕೈ ಹಿಡಿದುಕೊಂಡು, "ಸಿಗಲಿಲ್ಲ ನೋಡ್ರಿ, ಯಾರಿಗೂ ಸಿಗಲಿಲ್ಲ," ಎನ್ನುತ್ತಲೇ ಇದ್ದಳು. ಪರದೆಯ ಕೆಳಗೆ ಸಾಲಾಗಿ ಬಂದ ಅಂಕಗಳನ್ನು ಸಿದ್ರಾಮನೊಬ್ಬನೇ ಓದಿದ.

ಮಲಕಪ್ಪ ನೆಲದ ಮೇಲೆ ಕೂತು, ಮಗಳು ಮಂಡಿಗೆ ಕೈಯೂರಿ ಉಸಿರು ತೆಗೆದುಕೊಳ್ಳುವುದನ್ನು ನೋಡುತ್ತಿದ್ದ. ಅವನ ಅಂಗೈಗೆ ನೀಲಿ ಚೂರುಗಳು ಅಂಟಿದ್ದವು. ಎರಡು ಅಂಕಗಳಿಂದ ಪಂದ್ಯ ಹೋಗಿತ್ತು, ಒಂದು ಉಗುರು ಹೋಗಿತ್ತು, ಮೂವತ್ತಾರು ನಿಮಿಷದ ಆಟದಲ್ಲಿ ಮೂವತ್ತೆರಡು ನಿಮಿಷ ಹೋಗಿದ್ದವು.